ಒಡೆದು ತೋರಿಸಿ ಎನ್ನುವ ಲುಪೆ

ಆಕ್ಲೆಂಡಿನ ಮಾಂಗೆರೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸೆಮಿಸಿ ಅಜ್ಜನ ಮನೆಗೆ ತಾಗಿದ ಗ್ಯಾರೇಜಿನ ಮುಂದೆ ಲುಪೆ ತೌಫಾ ಮೊಣಕಾಲೂರಿ ಕಾಂಕ್ರೀಟಿಗೆ ಡ್ರಿಲ್ ಹಿಡಿದಿದ್ದಾರೆ. ಬಿಳಿ ಧೂಳು ಹಾರಿ ಹುಬ್ಬಿನ ಮೇಲೆ ಕೂತಿದೆ. ಬೀದಿಯ ನಾಯಿಗಳೆಲ್ಲ ಬೊಗಳುತ್ತಿವೆ. ಪಕ್ಕದ ಕಿಟಕಿಯಿಂದ ಯಾರೋ ಬೈಯುತ್ತಾರೆ.

"ಕಳ್ಳ ಬಂದಾಗ ಗೊರಕೆ ಹೊಡೀತೀರ, ನಾನು ಬಂದಾಗ ಎಚ್ಚರ ಆಗತ್ತಾ?" ಲುಪೆ ತಿರುಗಿ ಕೂಗುತ್ತಾರೆ. ಕಿಟಕಿ ಮುಚ್ಚಿಕೊಳ್ಳುತ್ತದೆ.

ಒಳಗೆ, ಹೊದಿಕೆಗಳ ಅಡಿಯಲ್ಲಿ, ಚರ್ಚಿನ ಬ್ಯಾಂಡಿನ ಹಿತ್ತಾಳೆ ವಾದ್ಯಗಳಿವೆ. ಮೋಟಾರಿನಿಂದ ಏಳುವ ಬಾಗಿಲು; ಕರೆಂಟು ಹೋದಾಗ ಎಳೆದು ಮೋಟಾರಿನಿಂದ ಬಿಡಿಸಿಕೊಳ್ಳಲೆಂದು ಅದರ ಒಳಬದಿಗೆ ಒಂದು ಹಗ್ಗ ನೇತಾಡುತ್ತಿತ್ತು. ಹೋದ ತಿಂಗಳು ಕಳ್ಳರು ಮೇಲಿನ ಸಂದಿಯಿಂದ ತಂತಿ ತೂರಿಸಿ ಅದನ್ನೇ ಎಳೆದು ಒಳಗೆ ನುಗ್ಗಿದರು. ಎರಡು ಕಹಳೆ ಹೋದವು. ಉಳಿದವೂ ಹೋದರೆ ಶನಿವಾರದ ಸ್ಪರ್ಧೆಗೆ ಬ್ಯಾಂಡೇ ಇಲ್ಲ. ಬ್ಯಾಂಡಿನ ಹಿರಿಯ ಸೆಮಿಸಿ ಅಜ್ಜ ಅಂದಿನಿಂದ ವಾದ್ಯಗಳ ನಡುವೆ ಚಾಪೆ ಹಾಸಿಕೊಂಡು ಮಲಗುತ್ತಿದ್ದಾರೆ.

ಗ್ಯಾರೇಜು ಬಾಗಿಲು ಭದ್ರಪಡಿಸುವ ಈ ಕೆಲಸಕ್ಕೆ ಲುಪೆ ಬಂದದ್ದೂ ಒಂದು ಗ್ಯಾರೇಜಿನಿಂದಲೇ. ಟೊಂಗಾದಿಂದ ಬಂದ ಹೊಸದರಲ್ಲಿ ಮೂರು ಮಕ್ಕಳೊಂದಿಗೆ ಅವರ ಸಂಸಾರ ಅಣ್ಣನ ಗ್ಯಾರೇಜಿನಲ್ಲಿತ್ತು. ಒಂದು ಸಂಜೆ ಕೋಳಿ ಕಾರ್ಖಾನೆಯ ಕೆಲಸ ಮುಗಿಸಿ ಬಂದರೆ ಬಾಗಿಲು ಸೊಟ್ಟಗಾಗಿ ಬಿದ್ದಿದೆ. ಹೊಲಿಗೆ ಯಂತ್ರವಿಲ್ಲ, ಮಕ್ಕಳ ಬೂಟೂ ಇಲ್ಲ.

"ರಿಪೇರಿಯೋನು ಮುಂದಿನ ವಾರ ಬರ್ತೀನಿ ಅಂದ. ಬಾಗಿಲಿಲ್ದೆ ಮಕ್ಕಳನ್ನ ಹೇಗೆ ಮಲಗಿಸ್ಲಿ ಮಗಳೇ? ನಾನೇ ಸುತ್ತಿಗೆ ತಗೊಂಡೆ," ಎಂದು ಲುಪೆ ನನಗೆ ಹೇಳುತ್ತಾರೆ.

ಈಗ ದಿನಕ್ಕೆ ಮೂರು, ನಾಲ್ಕು ಬಾಗಿಲು. ಮೊಣಕಾಲಿಗೆ ಪಟ್ಟಿ, ಎಡಗಿವಿ ಮಂದ. ಜೊತೆಗೊಂದು ಹಟ: ಕೆಲಸ ಮುಗಿದ ಮೇಲೆ ಮನೆಯವರೇ ಬಾಗಿಲು ಒಡೆಯಲು ನೋಡಬೇಕು. ಅವರು ಸೋತರೆ ಮಾತ್ರ ಲುಪೆಗೆ ಕೂಲಿ.

ಬಿಸಿಲೇರುವಷ್ಟರಲ್ಲಿ ಹಗ್ಗದ ಜಾಗಕ್ಕೆ ತಗಡಿನ ಮುಚ್ಚಳ ಬಂದಿದೆ, ಎರಡೂ ಬದಿಗೆ ನೆಲಕ್ಕಿಳಿಯುವ ಅಗುಳಿ ಬಂದಿದೆ. ಅಜ್ಜ ಒಳಗಿಂದ ಭದ್ರ ಮಾಡಿಕೊಳ್ಳುತ್ತಾರೆ. ಬೀದಿಯೆಲ್ಲ ಹೊರಗೆ ನೆರೆದಿದೆ. ಅಜ್ಜನ ಮೊಮ್ಮಗ ವಿಲಿಯಾಮಿ ರಗ್ಬಿ ಗೆಳೆಯರೊಂದಿಗೆ ಹಾರೆ ಹಿಡಿದು ಬರುತ್ತಾನೆ. ಬಾಗಿಲು ನರಳುತ್ತದೆ, ಏಳುವುದಿಲ್ಲ.

"ಮೊನ್ನೆ ಆಟದಲ್ಲೂ ಹಿಂಗೇ ತಳ್ಳಿದ್ರೇನ್ರೋ? ಅದಕ್ಕೇ ಸೋತಿದ್ದು!" ಲುಪೆ ಕೆಣಕುತ್ತಾರೆ. ಹುಡುಗರು ಮೇಲಿನ ಸಂದಿಯಿಂದ ತೂರಿಸಿದ ತಂತಿಯೂ ತಗಡಿಗೆ ತಾಗಿ ಮಡಚಿಕೊಳ್ಳುತ್ತದೆ. ಜನ ಕೇಕೆ ಹಾಕುತ್ತಾರೆ.

ಆಗ ಅಜ್ಜನ ಹೆಂಡತಿ ಫುಸಿ ಅಜ್ಜಿ ಹುಡುಗರನ್ನು ಮೊಣಕೈಯಿಂದ ಸರಿಸಿ ಮುಂದೆ ಬರುತ್ತಾರೆ. ಕೈಯಲ್ಲಿ ಕೆಸುವಿನೆಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ ಲು.

"ಸೆಮಿಸೀ, ಲು ತಂದಿದೀನಿ. ಆರೋಗತ್ತೆ."

ಖಟ್. ಖಟ್. ಬಾಗಿಲು ಮೇಲೇಳುತ್ತದೆ. ಅಜ್ಜ ಚಮಚ ಹಿಡಿದು ನಿಂತಿದ್ದಾರೆ.

ಬೀದಿಗೆ ಬೀದಿಯೇ ಹೊಟ್ಟೆ ಹಿಡಿದು ನಗುತ್ತದೆ. "ಊಟ ತಂದೋರನ್ನ ಹೊರಗೆ ನಿಲ್ಸಕ್ಕಾಗತ್ತಾ?" ಅಜ್ಜ ರೇಗುತ್ತಾರೆ. ಲುಪೆ ಮಾತ್ರ ನಗುವುದಿಲ್ಲ. "ನಾಳೆ ಕಳ್ಳಾನೂ ತಟ್ಟೆ ಹಿಡ್ಕೊಂಡು ಬರ್ತಾನೆ ಅಜ್ಜ," ಎಂದು ವ್ಯಾನಿನಿಂದ ಗರಗಸ ತರುತ್ತಾರೆ. ಗ್ಯಾರೇಜಿನ ಪಕ್ಕದ ಗೋಡೆಗಿರುವ, ಸದಾ ಬೀಗ ಹಾಕಿರುವ ಪುಟ್ಟ ಬಾಗಿಲಲ್ಲಿ ತಟ್ಟೆ ತೂರುವಷ್ಟು ಕಿಂಡಿ ಕೊರೆದು, ಒಳಗಿಂದ ಚಿಲಕ ಹಾಕುವ ಕದ ಕೂರಿಸುತ್ತಾರೆ.

ಎರಡನೇ ಪರೀಕ್ಷೆ. ಅಜ್ಜ ಮತ್ತೆ ಒಳಗಿಂದ ಅಗುಳಿ ಹಾಕಿಕೊಳ್ಳುತ್ತಾರೆ. ಅಜ್ಜಿ ಮತ್ತೆ ತಟ್ಟುತ್ತಾರೆ, ಗೋಗರೆಯುತ್ತಾರೆ, ಸುಡು ಬಿಸಿಲಲ್ಲಿ "ಮಳೆ ಬರ್ತಿದೆ ಕಣೋ" ಎಂದೂ ಹೇಳುತ್ತಾರೆ. ಕೊನೆಗೆ ಕಿಂಡಿ ತೆರೆಯುತ್ತದೆ, ಒಂದು ಕೈ ಹೊರಗೆ ಬರುತ್ತದೆ.

"ತಟ್ಟೆ ಕೊಡು. ನೀನು ಅಲ್ಲೇ ಇರು."

ಚಪ್ಪಾಳೆ ನಿಲ್ಲುವುದೇ ಇಲ್ಲ. ಅಜ್ಜಿ ಬಾಗಿಲಿಗೊಂದು ಒದೆ ಕೊಟ್ಟು ತಾವೂ ನಗುತ್ತಾರೆ.

ಶನಿವಾರ ಸ್ಪರ್ಧೆಗೆ ಬರುತ್ತೀರಾ ಎಂದು ನಾನು ಕೇಳಿದರೆ ಲುಪೆ ಹುಬ್ಬಿನ ಧೂಳು ಒರೆಸಿಕೊಳ್ಳುತ್ತಾರೆ.

"ಬರ್ತೀನಿ. ಹಿಂದ್ಗಡೆ ನಿಂತ್ಕೋತೀನಿ. ದೊಡ್ಡ ಕಹಳೆ ಊದಿದಾಗ ಪಕ್ಕದಲ್ಲಿರೋರಿಗೆ ಮೆಲ್ಲಗೆ ಹೇಳ್ತೀನಿ, ಅದು ನನ್ನ ಬಾಗಿಲ ಹಿಂದೆ ಮಲಗಿತ್ತು ಅಂತ."