ಆರಿದ್ರಾ ಸಿಡಿಯುವ ಸುದ್ದಿ ಬಂದ ವರ್ಷ

ನನ್ನ ಅಪ್ಪನಿಗೆ ಸಪ್ಪಳ ಎಣಿಸುವ ಚಟವಿತ್ತು. ಕುಕ್ಕರ್ ಸೀಟಿ ಹೊಡೆದರೆ ಎಣಿಸುತ್ತಿದ್ದ. ದೀಪಾವಳಿಗೆ ಓಣಿಯ ಹುಡುಗರು ಪಟಾಕಿ ಹಚ್ಚಿದರೆ ಬೆರಳು ಮಡಚುತ್ತ ನಿಲ್ಲುತ್ತಿದ್ದ. ಎಲ್ಲ ಸಿಡಿದು ಹೊಗೆ ಆರಿದರೂ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. "ಇನ್ನೊಂದು ಬಾಕಿ ಐತಿ, ನಿಂದ್ರು" ಎಂದು ತೋಳು ಅಡ್ಡ ಚಾಚುತ್ತಿದ್ದ. ಯಾದಗಿರಿ ಸ್ಟೇಷನ್ನಿನಲ್ಲಿ ಗಾಡಿ ಬರುವಾಗಲೂ ಅದೇ ತೋಳು ನನ್ನೆದುರು ಬರುತ್ತಿತ್ತು. ನಾನಾಗ ಬಿ.ಎಡ್. ಮುಗಿಸಿದ ಹೆಂಗಸು, ನಾಲ್ಕು ಜನರ ಮುಂದೆ ನನ್ನನ್ನು ಕೂಸಿನಂತೆ ತಡೆಯುತ್ತಾನಲ್ಲ ಎಂದು ಮೈ ಉರಿಯುತ್ತಿತ್ತು. ತೋಳನ್ನು ತಳ್ಳಿ ಮುಂದೆ ಹೋಗುತ್ತಿದ್ದೆ. ನನಗೆ ಸಿಟ್ಟು ಬೇಗ ಬರುತ್ತದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅವನ ಎಡಗಿವಿ ಏನೂ ಕೇಳುತ್ತಿರಲಿಲ್ಲ. ಅದು ಕೆನಾಲಿನ ಕೆಲಸದಲ್ಲಿ ಹೋದ ಕಿವಿ. ಭೀಮರಾಯನಗುಡಿಯ ಕ್ಯಾಂಪು ಹೊಸದಾಗಿದ್ದ ಕಾಲ ಅದು. ಕಾಲುವೆಗೆ ದಾರಿ ಮಾಡಲು ಬಂಡೆ ಒಡೆಯುತ್ತಿದ್ದ ಒಬ್ಬ ಗುತ್ತಿಗೆದಾರನ ಕೆಳಗೆ ಅಪ್ಪ, ಅವ್ವ ಇಬ್ಬರೂ ದುಡಿಯುತ್ತಿದ್ದರು. ಬಂಡೆಗೆ ತೂತು ಕೊರೆದು ಮದ್ದು ತುಂಬಿ ಸಿಡಿಸುವುದಕ್ಕೆ ನಮ್ಮ ಕಡೆ ಸುರಂಗ ಹಾರಿಸುವುದು ಎನ್ನುತ್ತಾರೆ. ಅಪ್ಪನದು ಕೆಂಪು ಝಂಡಾ ಹಿಡಿದು ಜನರನ್ನು ದೂರ ನಿಲ್ಲಿಸುವ ಕೆಲಸ, ಅವ್ವನದು ಸಿಡಿದ ಕಲ್ಲನ್ನು ಬುಟ್ಟಿಯಲ್ಲಿ ಹೊರುವ ಕೆಲಸ. ನನಗೆ ನಾಲ್ಕು ವರ್ಷವಿದ್ದಾಗ ಅವ್ವ ಅಲ್ಲಿಯೇ ಸತ್ತಳು. ಕಲ್ಲು ಬಡಿದು ಸತ್ತಳು ಎಂದಷ್ಟೇ ನನಗೆ ಗೊತ್ತಿತ್ತು. ಯಾವ ಕಲ್ಲು, ಹೇಗೆ ಬಡಿಯಿತು ಎಂದು ಕೇಳಿದಾಗಲೆಲ್ಲ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ. ಆ ಉತ್ತರಕ್ಕೆ ನಾನು ನಲವತ್ತು ವರ್ಷ ಕಾದೆ. ಕಾದು ಕಾದು ಕೇಳುವುದನ್ನೇ ಬಿಟ್ಟಿದ್ದೆ.

ಆ ಚಳಿಗಾಲದಲ್ಲಿ ಆರಿದ್ರಾ ನಕ್ಷತ್ರ ಇದ್ದಕ್ಕಿದ್ದಂತೆ ಮಂಕಾಯಿತು. ಅದು ಮುದಿ ನಕ್ಷತ್ರ, ಇಂದಲ್ಲ ನಾಳೆ ಸಿಡಿದು ಹೋಗುವಂಥದು ಎಂದು ಪತ್ರಿಕೆಗಳು ಬರೆದವು. ಮೊಬೈಲುಗಳಲ್ಲಿ ಅದು ಬೆಳೆದು ಬೇರೆಯೇ ಆಯಿತು. ಆಕಾಶದಲ್ಲಿ ಎರಡು ಸೂರ್ಯರು ಬರುತ್ತಾರಂತೆ, ಭೂಮಿಯ ಮೇಲಿನ ಜೀವಗಳೆಲ್ಲ ಸುಟ್ಟುಹೋಗುತ್ತವಂತೆ. ಶಹಾಪುರದ ನನ್ನ ಶಾಲೆಗೆ ಮಕ್ಕಳನ್ನು ಬಿಡಲು ಬಂದ ಒಬ್ಬ ರೈತ ಗೇಟಿನಲ್ಲೇ ನನ್ನನ್ನು ತಡೆದು ಕೇಳಿದ, "ಆರಿದ್ರಾ ಸಿಡಿದ್ರ ಅದರ ಮಳಿ ಯಾರು ಕೊಡ್ತಾರ್ರಿ ಅಕ್ಕೋರೆ?" ನಾನು ನಕ್ಕುಬಿಟ್ಟೆ. ಆಮೇಲೆ ನಾಚಿಕೆಯಾಯಿತು. ಕಾಲುವೆ ನೀರಿನಲ್ಲಿ ಎರಡು ಬೆಳೆ ಭತ್ತ ತೆಗೆಯುವ ಮನುಷ್ಯ ಅವನು, ಆದರೂ ಅವನ ಬಾಯಲ್ಲಿ ಮಳೆಯ ನಕ್ಷತ್ರಗಳು ಇನ್ನೂ ಇದ್ದವು. ಸೂರ್ಯ ಆ ನಕ್ಷತ್ರದ ಕಡೆ ಇರುವ ದಿನಗಳಲ್ಲಿ ಬರುವ ಮಳೆಗೆ ಆ ಹೆಸರು, ಮಳೆ ಸುರಿಸುವುದು ನಕ್ಷತ್ರವಲ್ಲ ಎಂದು ನಿಂತೇ ವಿವರಿಸಿದೆ.

ಅಪ್ಪನ ಊರಿನಲ್ಲಂತೂ ಅಂಜಿಕೆ ಹೆಚ್ಚಾಗಿತ್ತು. ನಮ್ಮ ಓಣಿಯ ಹಿರಿಯರು ಹೇಳಿ ಕಳಿಸಿದರು, ಒಂದು ದಿನ ಬಂದು ಜನಕ್ಕೆ ಸರಿಯಾಗಿ ತಿಳಿಸಿ ಹೇಳು ಎಂದು. ಹೊತ್ತು ಮುಳುಗಿದ ಮೇಲೆ ಬುದ್ಧ ವಿಹಾರದ ಅಂಗಳದಲ್ಲಿ ಜನ ಕೂಡಿದರು. ಮೂಡಣದಲ್ಲಿ ಆರಿದ್ರಾ ಕೆಂಪಗೆ, ಸಣ್ಣಗೆ ಕಾಣುತ್ತಿತ್ತು. ಕೈ ಮಾಡಿ ತೋರಿಸಿದೆ. ಇಂಥ ನಕ್ಷತ್ರ ನಮ್ಮ ಹತ್ತಿರದಲ್ಲಿ ಸಿಡಿದರೆ ಅಪಾಯ ನಿಜ ಎಂದೆ. ಬೆಂಕಿ ಬಂದು ಸುಡುವುದಿಲ್ಲ, ಅದರ ಕಿರಣಗಳು ನಮ್ಮ ಗಾಳಿಯ ಮೇಲುಪದರವನ್ನು ಕೆಡಿಸುತ್ತವೆ. ಆ ಪದರ ತಡೆಹಿಡಿದಿರುವ ಬಿಸಿಲಿನ ವಿಷ ಆಗ ನೇರವಾಗಿ ನೆಲಕ್ಕೆ ಇಳಿಯುತ್ತದೆ. ಮೊದಲು ಸಮುದ್ರದ ಕಣ್ಣಿಗೆ ಕಾಣದ ಜೀವಗಳು ಸಾಯುತ್ತವೆ, ಅವುಗಳನ್ನು ತಿಂದು ಬದುಕುವವು ಆಮೇಲೆ. ಆದರೆ ಅದಕ್ಕೆ ನಕ್ಷತ್ರ ತೀರ ಸಮೀಪ ಇರಬೇಕು, ಬೆಳಕು ಮೂವತ್ತು ನಲವತ್ತು ವರ್ಷ ನಡೆದು ಬರುವಷ್ಟು ಸಮೀಪ. ಆರಿದ್ರಾದ ಬೆಳಕು ಇಲ್ಲಿಗೆ ಬರಲು ಐದಾರು ನೂರು ವರ್ಷ ಬೇಕು. ಸಿಡಿದರೆ ಹಗಲಲ್ಲೂ ಕಂಡೀತು, ಅಷ್ಟೇ, ನಮಗೇನೂ ಆಗುವುದಿಲ್ಲ ಎಂದು ಮುಗಿಸಿದೆ. ಜನ ಸಮಾಧಾನವಾಗಿ ಚಹಾ ಕುಡಿದು ಮನೆಗೆ ಹೋದರು. ನನಗೆ ನನ್ನ ಬಗ್ಗೆಯೇ ಹೆಮ್ಮೆಯಾಗಿತ್ತು.

ಅಪ್ಪ ಮಾತ್ರ ಎದ್ದಿರಲಿಲ್ಲ. ಬಲಗಿವಿ ನನ್ನ ಕಡೆ ಮಾಡಿ ಎಲ್ಲವನ್ನೂ ಕೇಳಿದ್ದ.

"ಸಿಡಿದದ್ದು ನಮಗ ಯಾವಾಗ ಗೊತ್ತಾಗ್ತದ?" ಎಂದ.

"ಅದರ ಬೆಳಕು ಬಂದ ಮ್ಯಾಲ."

"ಅಂದ್ರ ಈಗಾಗಲೇ ಸಿಡಿದಿದ್ರೂ ಸಿಡಿದಿರಬೇಕು."

"ಇರಬಹುದು."

"ಚೂರು ಇಲ್ಲಿತನಕ ಬರಂಗಿಲ್ಲೇನು?"

"ಬರಂಗಿಲ್ಲ."

"ಹಿಂದ ಯಾವಾಗರೆ ಬಂದಾವೇನು?"

ಸುಳ್ಳು ಹೇಳಲಾಗಲಿಲ್ಲ. ಲಕ್ಷಗಟ್ಟಲೆ ವರ್ಷಗಳ ಹಿಂದೆ ಬೇರೆ ಯಾವುದೋ ನಕ್ಷತ್ರ ಸಿಡಿದಾಗ ಬಂದ ಕಬ್ಬಿಣದ ಕಣಗಳು ಸಮುದ್ರದ ತಳದಲ್ಲಿ ಸಿಕ್ಕಿವೆ ಎಂದೆ.

"ಹಂಗಾರ ಬಂದಾವ" ಎಂದ. ಆಮೇಲೆ, "ಏನೂ ಆಗಂಗಿಲ್ಲ ಅಂತ ಜನಕ್ಕ ಹೇಳಿದೆಲ್ಲ, ಅದು ನೀ ಎಣಿಸಿ ಹೇಳಿದ್ದೋ, ಯಾರರೆ ಹೇಳಿದ್ದನ್ನ ಹೇಳಿದ್ದೋ?"

ನನಗೆ ರೇಗಿತು. "ಓದಿದವರು ಹೇಳ್ಯಾರ. ದೊಡ್ಡ ದುರ್ಬೀನು ಹಚ್ಚಿ ಕುಂತವರು. ಅವರನ್ನ ನಂಬದ ಮತ್ಯಾರನ್ನ ನಂಬಲಿ?"

"ನನಗೂ ಹೇಳಿದ್ರು" ಎಂದ ಅಪ್ಪ.

ಆಮೇಲೆ ಹೇಳಿದ. ಅವ್ವ ಸತ್ತ ದಿನ ಆರು ತೂತಿಗೆ ಮದ್ದು ತುಂಬಿದ್ದರು. ಬತ್ತಿಗಳನ್ನು ಒಂದಕ್ಕಿಂತ ಒಂದು ಉದ್ದ ಇಡುತ್ತಿದ್ದರು, ಸಪ್ಪಳಗಳು ಬಿಡಿಬಿಡಿಯಾಗಿ ಬಂದು ಎಣಿಸಲು ಸಿಗಲಿ ಎಂದು. ಎಷ್ಟು ತೂತೋ ಅಷ್ಟು ಸಪ್ಪಳ ಆಗುವತನಕ ಝಂಡಾ ಇಳಿಸುವಂತಿಲ್ಲ. ಅಪ್ಪ ಐದು ಎಣಿಸಿದ. ಆರನೆಯದಕ್ಕೆ ಕಾದ, ಬರಲಿಲ್ಲ. ಕೂಲಿಗಳ ಮೇಲಿನ ಮುಕಾದಮ ಅವಸರದಲ್ಲಿದ್ದ, ಸಂಜೆಯೊಳಗೆ ಕಲ್ಲು ತೆಗೆದು ತೋರಿಸಬೇಕಿತ್ತು. "ಎರಡು ಕೂಡೇ ಹಾರ್ಯಾವಲೇ. ನಿನ್ನ ಕಿವಿ ಕೆಟ್ಟಾವ, ಝಂಡಾ ಇಳಸು" ಎಂದ. ಕಿವಿ ಆಗಲೇ ಗುಂಯ್ ಎನ್ನುತ್ತಿದ್ದವು. ಅಪ್ಪ ಮತ್ತೊಮ್ಮೆ ಐದೇ ಎಂದ. ಮುಕಾದಮ ಬೈದ. ಅಪ್ಪ ಝಂಡಾ ಇಳಿಸಿ ಸೀಟಿ ಊದಿದ. ಹೆಂಗಸರು ಬುಟ್ಟಿ ಎತ್ತಿಕೊಂಡು ಹೊರಟರು. ಅವ್ವ ನಡಿಗೆಯಲ್ಲಿ ಚುರುಕು, ಎಲ್ಲರಿಗಿಂತ ಮುಂದಿದ್ದಳು. ಆರನೆಯದು ಆಗ ಸಿಡಿಯಿತು.

"ಮುಕಾದಮನ ಮಾತು ಕೇಳಿ ಹೋಗಲಿಲ್ಲ ಆಕಿ" ಎಂದ ಅಪ್ಪ. "ನನ್ನ ಝಂಡಾ ನೋಡಿ ಹೋದ್ಲು."

ನಾನು ಚೀಲ ಎತ್ತಿಕೊಂಡು ಬಸ್ಸು ಹತ್ತಿ ಶಹಾಪುರಕ್ಕೆ ಬಂದೆ. ಎಂಟು ದಿನ ಅವನಿಗೆ ಫೋನು ಮಾಡಲಿಲ್ಲ. ಹೆಸರೂ ಗೊತ್ತಿಲ್ಲದ ಆ ಮುಕಾದಮನ ಮೇಲೆ ಸಿಟ್ಟಿತ್ತು, ಅಪ್ಪನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿತ್ತು. ಒಂದು ಬೈಗುಳಕ್ಕೆ ಅಂಜಿ ನನ್ನ ಅವ್ವನನ್ನು ಕಳೆದನಲ್ಲ ಎಂದು ಅನ್ನ ಬಡಿಸಿಕೊಳ್ಳುವಾಗ, ಹಾಜರಿ ಕೂಗುವಾಗ ಅದೇ ಕುದಿಯುತ್ತಿತ್ತು.

ಆದರೆ ಅವನು ಕೇಳಿದ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ನಾನು ಎಣಿಸಿರಲಿಲ್ಲ. ಹದಿನೆಂಟು ವರ್ಷ ವಿಜ್ಞಾನ ಕಲಿಸಿದವಳು, ಆ ದೂರವನ್ನು ಅಳೆಯುವುದು ಹೇಗೆಂದು ಒಮ್ಮೆಯೂ ಕುಳಿತು ನೋಡಿರಲಿಲ್ಲ. ಪುಸ್ತಕ ಹುಡುಕಿದೆ. ಭೂಮಿ ಸೂರ್ಯನ ಈ ಬದಿ ಇದ್ದಾಗ ಒಮ್ಮೆ, ಆ ಬದಿ ಹೋದಾಗ ಒಮ್ಮೆ ನೋಡಿ, ನಕ್ಷತ್ರ ಎಷ್ಟು ಸರಿದಂತೆ ಕಾಣುತ್ತದೆ ಎಂಬುದರಿಂದ ದೂರ ತೆಗೆಯುತ್ತಾರೆ. ಆರಿದ್ರಾದ ವಿಷಯದಲ್ಲಿ ಅಳೆದವರ ಲೆಕ್ಕಗಳು ಒಂದಕ್ಕೊಂದು ಕೂಡುವುದಿಲ್ಲ, ನೂರಾರು ವರ್ಷಗಳ ಹೆಚ್ಚುಕಡಿಮೆ ಇದೆ. ಅದರಲ್ಲಿ ಅತಿ ಹತ್ತಿರದ ಲೆಕ್ಕ ಹಿಡಿದು ನಾನೇ ಕಾಗದದ ಮೇಲೆ ಮಾಡಿ ನೋಡಿದೆ. ಆಗಲೂ ಅದು ಅಪಾಯದ ಗೆರೆಯಿಂದ ಎಷ್ಟೋ ಪಟ್ಟು ಆಚೆ ಇತ್ತು. ಮಾರನೆಯ ದಿನ ತರಗತಿಯಲ್ಲಿ ಏನೂ ಆಗುವುದಿಲ್ಲ ಎನ್ನುವ ಬದಲು ಈ ಲೆಕ್ಕವನ್ನೇ ಬೋರ್ಡಿನ ಮೇಲೆ ಬರೆದೆ, ಎಲ್ಲಿ ಅನುಮಾನವಿದೆಯೋ ಅದನ್ನೂ ಬರೆದೆ. ಮಕ್ಕಳು ತಾವೂ ಮಾಡಿ ನೋಡಿದರು.

ಒಂಬತ್ತನೆಯ ದಿನ ಊರಿಗೆ ಹೋದೆ. ಅಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಕುಳಿತು, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನು ಮೆಲ್ಲಗೆ ಹೇಳಿದೆ. ಅವನು ಅಲುಗಲಿಲ್ಲ. ಆಮೇಲೆ ತಿಳಿಯಿತು, ನಾನು ಎಡಗಡೆ ಕುಳಿತಿದ್ದೆ. ಎದ್ದು ಬಲಗಡೆ ಹೋಗಿ ಜೋರಾಗಿ ಹೇಳಬೇಕಾಯಿತು. ನೀರು ಹಿಡಿಯುತ್ತಿದ್ದ ಹೆಂಗಸರು ತಿರುಗಿ ನೋಡಿದರು.

"ಯಪ್ಪಾ, ಐದೇ ಆಗಿದ್ವು. ನೀ ಎಣಿಸಿದ್ದು ಖರೇ ಇತ್ತು."

ಸಮಾಧಾನ ಆದೀತು ಎಂದುಕೊಂಡಿದ್ದೆ. ಅವನು ನನ್ನ ಮುಖ ನೋಡಿದ.

"ಖರೇ ಇತ್ತು ಯವ್ವಾ. ಖರೇ ಅಂತ ಗೊತ್ತಿದ್ದೂ ಇಳಿಸಿದೆ."

ನಾನು ಅವನ ಕೈ ಹಿಡಿದು ಕುಳಿತೆ, ಇಬ್ಬರೂ ಅತ್ತೆವು. ಸಂಜೆ ಬಸ್ಸಿಗೆ ಕಳಿಸಲು ರಸ್ತೆಯತನಕ ಬಂದ. ಬಸ್ಸು ಕಂಡ ಕೂಡಲೇ ಅವನ ತೋಳು ಎಂದಿನಂತೆ ನನ್ನೆದುರು ಅಡ್ಡ ಬಂತು. ಬಸ್ಸು ಬಂದು ನಿಂತಿತು, ಇಳಿಯುವವರು ಇಳಿದರು, ಹತ್ತುವವರು ಹತ್ತಿದರು, ಕಂಡಕ್ಟರ್ ಬರ್ರಿ ಬರ್ರಿ ಎಂದು ಬಾಗಿಲು ಬಡಿದ. ಅಪ್ಪ ತೋಳು ಇಳಿಸುವತನಕ ನಾನು ನಿಂತೇ ಇದ್ದೆ.