ಮಾವಿನ ಬುಡದಲ್ಲಿ ಹೂತ ಪಿತ್ತಕೋಶ

ಮೊದಲು ಶುರುವಾದದ್ದು ತುರಿಕೆ. ಅಂಗೈ, ಅಂಗಾಲು, ಆಮೇಲೆ ಮೈಯೆಲ್ಲ. ಬೈರಕೂರಿನ ಶಾಲೆಯಲ್ಲಿ ಪಾಠ ಮಾಡುತ್ತಲೇ ಸ್ಕೇಲಿನಿಂದ ಬೆನ್ನು ಕೆರೆದುಕೊಳ್ಳುತ್ತಿದ್ದೆ. ಜೊತೆಯ ಟೀಚರೊಬ್ಬರು ನನ್ನ ಕಣ್ಣು ನೋಡಿ, "ಅರಿಶಿನ ಬಳಿದಂಗೈತಲ್ಲ ಮೇಡಂ" ಎಂದರು.

ಕಾಮಾಲೆ ಎಂದುಕೊಂಡೆ. ಸ್ಕ್ಯಾನಿನಲ್ಲಿ ಲಿವರ್‌ನಲ್ಲಿ ಗಡ್ಡೆ ಕಂಡಿತು.

ಬೆಂಗಳೂರಿನ ಕ್ಯಾನ್ಸರ್ ಡಾಕ್ಟರ್ ನನ್ನ ಹೊಟ್ಟೆಯ ಹಳೆಯ ಗುರುತು ನೋಡಿದರು. ಹಿಂದಿನ ವರ್ಷ ಕಲ್ಲಿದೆಯೆಂದು ಒಂದು ನರ್ಸಿಂಗ್ ಹೋಮಿನಲ್ಲಿ ಪಿತ್ತಕೋಶ ತೆಗೆಸಿದ್ದೆ.

"ತೆಗೆದ ಗಾಲ್‌ಬ್ಲಾಡರ್‌ನ ಬಯಾಪ್ಸಿ ಆಗಿದೆಯಾ? ಈ ಗಡ್ಡೆ ಅಲ್ಲಿಂದಲೇ ಹಬ್ಬಿರೋ ಹಾಗಿದೆ."

ನಾನು ನಮ್ಮನೆಯವರ ಕಡೆ ನೋಡಿದೆ. ಅವರು ನೆಲ ನೋಡಿದರು.

ಅದನ್ನು ಹೂತುಬಿಟ್ಟಿದ್ದರು. ನನಗೆ ಗೊತ್ತಾದದ್ದು ಅವತ್ತೇ.

ಆಪರೇಷನ್ ದಿನ ನಾನಿನ್ನೂ ಮಂಪರಿನಲ್ಲಿದ್ದಾಗ ಅವರ ಕೈಗೆ ಎರಡು ಸೀಸೆ ಕೊಟ್ಟಿದ್ದರಂತೆ. ಒಂದರಲ್ಲಿ ಕಲ್ಲು. ಇನ್ನೊಂದರಲ್ಲಿ ಪಿತ್ತಕೋಶ, ಅದನ್ನು ಕೋಲಾರದ ಲ್ಯಾಬಿಗೆ ತಲುಪಿಸಬೇಕಿತ್ತು. ಅತ್ತೆ ಬಿಡಲಿಲ್ಲ. ಹೆರಿಗೆಯಾದ ಮೇಲೆ ಮಾಸು ಹೂಳುವ ಹಾಗೆ, ತೋಟದ ಬಾದಾಮಿ ಮಾವಿನ ಬುಡದಲ್ಲಿ ಗುಂಡಿ ತೆಗೆಸಿ, ಅರಿಶಿನ ಕುಂಕುಮ ಹಾಕಿ ಹೂಳಿಸಿದರು. ಕಲ್ಲುಗಳು ಮಾತ್ರ ಟಿವಿ ಪಕ್ಕದಲ್ಲಿ ಕೂತವು. ಬಂದ ನೆಂಟರಿಗೆಲ್ಲ ತೋರಿಸಿದ್ದೇ ತೋರಿಸಿದ್ದು! ರಿಪೋರ್ಟ್ ಏನಾಯ್ತೆಂದು ಕೇಳಿದಾಗ ನಮ್ಮನೆಯವರು, "ಎಲ್ಲಾ ನಾರ್ಮಲ್ ಅಂತೆ ಕಣೇ" ಎಂದಿದ್ದರು. ನರ್ಸಿಂಗ್ ಹೋಮಿನವರು ಕೇಳಲೇ ಇಲ್ಲ.

"ಗಡ್ಡೆಯ ಜೀನ್ ಟೆಸ್ಟ್ ಮಾಡಬೇಕು," ಎಂದರು ಡಾಕ್ಟರ್. "ಯಾವ ಜೀನ್ ಕೆಟ್ಟಿದೆ ಅಂತ ಗೊತ್ತಾದರೆ, ಅದಕ್ಕೇ ಅಂತ ಔಷಧಿ ಇದ್ದರೆ, ಕೀಮೋ ಜೊತೆ ಕೊಡಬಹುದು. ಹಳೇ ಟಿಶ್ಯೂ ಇಲ್ಲ. ಲಿವರ್‌ಗೇ ಸೂಜಿ ಹಾಕಿ ತುಂಡು ತೆಗೀಬೇಕು."

"ಆಗಲೇ ಟೆಸ್ಟ್ ಆಗಿದ್ದಿದ್ರೆ ಡಾಕ್ಟ್ರೇ?"

"ಮುಂದಿಂದು ನೋಡೋಣಮ್ಮ."

ನನಗೆ ಉತ್ತರ ಸಿಕ್ಕಿತು.

ಕಾಮಾಲೆ ಇಳಿಯಲು ಪಿತ್ತನಾಳಕ್ಕೆ ಸ್ಟೆಂಟ್ ಹಾಕಿದರು. ಆಮೇಲೆ ಸೂಜಿ. ಪಿತ್ತಕೋಶದ ಕ್ಯಾನ್ಸರ್ ಎಂಬುದು ಖಚಿತವಾಯಿತು. ಆದರೆ ತೆಗೆದ ತುಂಡು ಜೀನ್ ಟೆಸ್ಟಿಗೆ ಸಾಲಲಿಲ್ಲ.

ಮತ್ತೆ ಸೂಜಿ.

ಅಲ್ಲಿಂದ ಬಂದವಳು ಅತ್ತೆಯ ಮೇಲೆ ಹರಿಹಾಯ್ದೆ.

"ಮೈಯಿಂದ ಬಂದಿದ್ದು ಮಣ್ಣಿಗೋಗ್ಬೇಕು ಕಣಮ್ಮ," ಎಂದರು ಅವರು. "ಸೀಸೇಲಿ ಹಾಕ್ಕೊಂಡು ಬಸ್ಸಲ್ಲಿ ತಿರುಗಿಸಕ್ಕೆ ಅದೇನು ಉಪ್ಪಿನಕಾಯಾ?"

"ಅದರ ಜೊತೆ ನನ್ನೂ ಅರ್ಧ ಹೂತ್ರಿ ಅತ್ತೆ."

ಅವರು ಸೆರಗು ಬಾಯಿಗೊತ್ತಿಕೊಂಡರು. ಕೆಟ್ಟವರಾಗಿದ್ದಿದ್ದರೆ ನೆಮ್ಮದಿಯಾಗಿ ದ್ವೇಷಿಸಬಹುದಿತ್ತು. ಬಾಣಂತನದಲ್ಲಿ ನನ್ನನ್ನು ಕಣ್ಣಿನ ರೆಪ್ಪೆಯ ಹಾಗೆ ನೋಡಿಕೊಂಡ ಕೈಗಳೇ ಆ ಗುಂಡಿಗೂ ಕುಂಕುಮ ಹಾಕಿದ್ದವು. ನಮ್ಮನೆಯವರು ಈಗ ಪ್ರತಿ ಸ್ಕ್ಯಾನನ್ನೂ ಎದೆಗವಚಿಕೊಂಡು ಓಡಾಡುತ್ತಾರೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವರ ಸುಳ್ಳನ್ನು ನಾನಿನ್ನೂ ಕ್ಷಮಿಸಿಲ್ಲ.

ರಿಪೋರ್ಟ್ ಬಂತು. ಕೆಟ್ಟ ಜೀನ್ ಸಿಕ್ಕಿತ್ತು, ಹರ್-ಟೂ ಪಾಸಿಟಿವ್. ಅದಕ್ಕೆ ಔಷಧಿ ಇದೆ ಎಂದರು. ಎಲ್ಲರಿಗೂ ಹೀಗೆ ಸಿಗುವುದಿಲ್ಲವಂತೆ. ಕೀಮೋ ಜೊತೆ ಅದೂ ಮೈಗೆ ಇಳಿಯುತ್ತಿದೆ. ಹೋದ ಸ್ಕ್ಯಾನಿನಲ್ಲಿ ಗಡ್ಡೆ ಸಣ್ಣದಾಗಿತ್ತು. ಹೋಗಿಲ್ಲ, ಪೂರ್ತಿ ಹೋಗುತ್ತದೆಂದು ಯಾರೂ ಹೇಳುತ್ತಿಲ್ಲ. ಇಷ್ಟಾದರೂ ಸಿಕ್ಕಿತಲ್ಲ ಎನ್ನುತ್ತೇನೆ. ಮರುಗಳಿಗೆಗೇ, ಒಂದು ವರ್ಷ ಮೊದಲೇ ಸಿಗಬಹುದಿತ್ತಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಈ ಬೇಸಿಗೆಯಲ್ಲಿ ಆ ಮಾವು ಕೊಂಬೆ ಬಗ್ಗುವಷ್ಟು ಕಾಯಿ ಬಿಟ್ಟಿತು. ಅತ್ತೆ ಹಣ್ಣು ಹೆಚ್ಚಿ ತಂದು, ನನ್ನ ಮುಖ ನೋಡದೆ ತಟ್ಟೆ ಇಟ್ಟರು.

"ಆ ಮರದ್ದೇನಾ?"

"ಹೂಂ ಕಣಮ್ಮ."

ಕೀಮೋ ಶುರುವಾದಾಗಿನಿಂದ ಬಾಯಿಗೆ ಏನೂ ರುಚಿಸುತ್ತಿರಲಿಲ್ಲ. ಒಂದು ಹೋಳು ತಿಂದೆ. ಸಿಹಿಯಾಗಿತ್ತು. ಅದಕ್ಕೂ ಸಿಟ್ಟು ಬಂತು.

ಇನ್ನೊಂದು ಹೋಳು ತೆಗೆದುಕೊಂಡೆ.