ದಾಕು ಹಾಕುವವನ ಕೈ

ದಾಕು ಹಾಕಲು ಬಂದವನಿಗೆ ಹೊಡೆದವರಲ್ಲಿ ನಾನೂ ಒಬ್ಬಳು. ಸಿಡುಬು ಬಾರದ ಹಾಗೆ ತೋಳನ್ನು ಗೀರಿ ಹಾಕುವ ಮದ್ದಿಗೆ ಆಗ ನಾವು ದಾಕು ಎನ್ನುತ್ತಿದ್ದೆವು. ನನಗೆ ಇಪ್ಪತ್ತೊಂದು ವರ್ಷ, ಮಗನಿಗೆ ಎಂಟು ತಿಂಗಳು. ಗಂಡ ಮಂಜಿ ಎನ್ನುವ ಸರಕಿನ ಹಾಯಿಹಡಗಿನಲ್ಲಿ ಮುಂಬಯಿ ಕಡೆಗೆ ಹೋಗಿದ್ದರು. ನಾನು ಬೋಳಾರದಲ್ಲಿ, ಹೊಳೆಯ ಬದಿಯ ತವರಿನಲ್ಲಿ, ತಾಯಿ, ಸೋದರಮಾವ ಮತ್ತು ಅಣ್ಣನ ಜೊತೆಗಿದ್ದೆ. ಅಣ್ಣ ಬಲೆಗೆ ಕೈ ಹಾಕಿದರೆ ಇಬ್ಬರ ಕೆಲಸವನ್ನು ಒಬ್ಬನೇ ಮಾಡುತ್ತಿದ್ದ. ಅವನ ಸಿಟ್ಟೂ ಇಬ್ಬರಿಗಾಗುವಷ್ಟಿತ್ತು.

ಆ ಬೇಸಗೆಯಲ್ಲಿ ಪಕ್ಕದ ಮನೆಯ ಖಲಾಸಿ ಬಂದರಿನಲ್ಲಿ ಇಳಿದವನೇ ಜ್ವರದಿಂದ ಮಲಗಿದ. ಮೂರನೆಯ ದಿನ ಮುಖದ ತುಂಬ ಬೊಕ್ಕೆ ಎದ್ದವು. ಸಿಡುಬಿನ ದೇವಿ ಅಮ್ಮ ಬಂದಿದ್ದಾಳೆ ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಕೇರಿಯವರೆಲ್ಲ ಹೋಗಿ ಅವನ ಚಾಪೆಯ ಬದಿಯಲ್ಲಿ ಕುಳಿತು ಬಂದರು. ಮಡಿಲಲ್ಲಿ ಕೂಸು ಇತ್ತೆಂದು ತಾಯಿ ನನ್ನನ್ನು ಮಾತ್ರ ಬಿಡಲಿಲ್ಲ.

ಸುದ್ದಿ ಮುಟ್ಟಿದ ಮೇಲೆ ದಾಕು ಹಾಕುವವನು ಬಂದ. ಬಡಕಲು ಮನುಷ್ಯ, ಮಾಸಿದ ಕೋಟು, ಕೈಯಲ್ಲಿ ತಗಡಿನ ಪೆಟ್ಟಿಗೆ. ಅಮ್ಮ ಕೇರಿಯಲ್ಲಿರುವಾಗ ಮೈಗೆ ಕಬ್ಬಿಣ ತಾಗಿಸಬಾರದು, ಹೊರಟು ಹೋಗು ಎಂದು ಮಾವ ಹೇಳಿದರು. ಅವನು ಹೋಗಲಿಲ್ಲ. ಮೊದಲು ಮಕ್ಕಳಿಗೆ ಹಾಕಬೇಕು ಎನ್ನುತ್ತ ನನ್ನ ಮಗನ ತೋಳು ಹಿಡಿದ. ಮಗು ಕಿರುಚಿತು.

ಅಣ್ಣ ಅವನ ಕುತ್ತಿಗೆ ಹಿಡಿದು ಎಳೆದು ಮೀನು ಒಣಗಿಸುವ ಹೊಯಿಗೆಯ ಮೇಲೆ ಕೆಡವಿದ. ನಾಲ್ಕೈದು ಮಂದಿ ಒದ್ದರು. ಅವನು ಮುಖಕ್ಕೆ ಅಡ್ಡ ಹಿಡಿದ ಬಲಗೈಗೆ ಅಣ್ಣ ದೋಣಿಯ ಹುಟ್ಟಿನಿಂದ ಹೊಡೆದ. ಎಲುಬು ಮುರಿದದ್ದು ನನಗೆ ಕೇಳಿಸಿತು. ನಾನು ಪೆಟ್ಟಿಗೆಯಲ್ಲಿದ್ದ ಮದ್ದಿನ ಗಾಜಿನ ನಳಿಗೆಗಳನ್ನು ಕಲ್ಲಿನ ಮೇಲೆ ಸುರಿದು ಕುಟ್ಟಿ ಹಾಕಿದೆ. ಅದೂ ಸಾಲದೆ ಪೆಟ್ಟಿಗೆಯಿಂದಲೇ ಅವನ ಬಾಯಿಗೆ ಬಡಿದೆ. ತುಟಿ ಹರಿದು ರಕ್ತ ಬಂತು. ಸತ್ಯ ಹೇಳುವುದಾದರೆ, ಆಗ ನನಗೆ ಖುಷಿಯಾಗಿತ್ತು. ಮರುದಿನ ಪೊಲೀಸರು ಬಂದು ಒದ್ದವರಲ್ಲಿ ಇಬ್ಬರನ್ನು ಕರೆದುಕೊಂಡು ಹೋದರು. ಅಣ್ಣ ದೋಣಿಯಲ್ಲಿದ್ದ, ಸಿಗಲಿಲ್ಲ.

ಎರಡು ದಿನ ಕಳೆದು ಖಲಾಸಿ ಸತ್ತ. ಹೆಣ ಹೊತ್ತವರಲ್ಲಿ ಅಣ್ಣ ಮುಂದೆ ಇದ್ದ. ಸತ್ತವನ ಹೆಂಡತಿ ಕೊಟ್ಟ ಒಳ್ಳೆಯ ಕಂಬಳಿಯೊಂದನ್ನು ಮನೆಗೆ ತಂದು ಹೊದ್ದುಕೊಂಡು ಮಲಗಿದ. ಹನ್ನೆರಡು ದಿನ ಏನೂ ಆಗಲಿಲ್ಲ. ಹದಿಮೂರನೆಯ ದಿನ ಬಲೆ ಎಳೆಯುತ್ತಿದ್ದವನು ಸೊಂಟ ಹಿಡಿದುಕೊಂಡು ಕುಸಿದ. ಮತ್ತೆ ಮೂರು ದಿನಕ್ಕೆ ಅವನ ಹಣೆಯ ಮೇಲೆ ಬೊಕ್ಕೆ ಕಾಣಿಸಿಕೊಂಡವು.

ಅಂದು ಬೆಳಿಗ್ಗೆಯೇ ಆಚೆ ಓಣಿಯ ಬ್ಯಾರಿ ಮುಸಲ್ಮಾನರ ಮನೆಯ ಮುದುಕಿ ಬಂದರು. ಅವರ ಗಂಡ ಒಣಮೀನಿನ ವ್ಯಾಪಾರಿ. ನಾವೆಲ್ಲ ಅವರನ್ನು ಉಮ್ಮ ಎನ್ನುತ್ತಿದ್ದೆವು. ಮುಖದ ತುಂಬ ಹಳೆಯ ಸಿಡುಬಿನ ಕಲೆ. ನನಗೆ ಒಮ್ಮೆ ಬಂದು ಹೋಗಿದೆ, ಇನ್ನು ಬರುವುದಿಲ್ಲ, ಇವನನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಒಳಗೆ ಕುಳಿತರು. ಆಮೇಲೆ ನನ್ನ ಕಡೆ ತಿರುಗಿ, "ಮಗಳೇ, ನೀನು ಇವತ್ತೇ ಮಗುವಿಗೆ ದಾಕು ಹಾಕಿಸು. ನೀನೂ ಹಾಕಿಸಿಕೋ. ನಾಲ್ಕು ದಿನ ಕಳೆದರೆ ಮತ್ತೆ ಎಂತ ಮಾಡಿಯೂ ಪ್ರಯೋಜನ ಇಲ್ಲ" ಎಂದರು.

ನಾನೂ ತಾಯಿಯೂ ಮಗುವನ್ನು ಎತ್ತಿಕೊಂಡು ಬಿಸಿಲಿನಲ್ಲಿ ಮಣ್ಣಗುಡ್ಡಕ್ಕೆ ನಡೆದೆವು. ಮಾವ ಬರಲಿಲ್ಲ. ಕೇಳಿಕೊಂಡು ಹೋಗಿ ದಾಕು ಹಾಕುವವನ ಮನೆ ಹುಡುಕಿದೆವು. ಅವನು ಜಗಲಿಯಲ್ಲಿ ಕುಳಿತಿದ್ದ. ಬಲಗೈಗೆ ಬಿದಿರಿನ ಪಟ್ಟಿ ಕಟ್ಟಿತ್ತು, ಬೆರಳುಗಳು ಊದಿದ್ದವು. ತುಟಿಯಲ್ಲಿ ಹೊಲಿಗೆಯ ಗುರುತು. ನಾನು ಅಂಗಳದಲ್ಲೇ ನಿಂತು ಅಣ್ಣನ ವಿಷಯ ಹೇಳಿದೆ.

ಅವನು ನನ್ನನ್ನು ನೋಡಿ, "ಪೆಟ್ಟಿಗೆಯಲ್ಲಿ ಹೊಡೆದದ್ದು ನೀನಲ್ಲವಾ?" ಎಂದು ಕೇಳಿದ.

"ಹೌದು ಸ್ವಾಮಿ. ನಾನೇ."

ಅವನ ಹೆಂಡತಿ ಒಳಗಿನಿಂದ ಬಂದು, ಇವರನ್ನು ಓಡಿಸಿ ಎಂದು ಕೂಗಾಡಿದಳು, ನನ್ನ ಕಡೆಗೆ ಚೊಂಬು ಎಸೆದಳು. ಅದು ನನ್ನ ಹೆಗಲಿಗೆ ಬಡಿಯಿತು. ಅವನು ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡು, "ಹೊಸ ಮದ್ದು ಬಂದಿದೆ. ಎಡಗೈಯಲ್ಲಿ ಹಾಕ್ತೇನೆ. ಮಗುವನ್ನು ಗಟ್ಟಿ ಹಿಡಿ" ಎಂದ.

ಅಭ್ಯಾಸವಿಲ್ಲದ ಕೈ. ಮಗುವಿನ ತೋಳಿನಲ್ಲಿ ಗೀರು ಸೊಟ್ಟಗಾಯಿತು, ನನ್ನ ತೋಳಿನಲ್ಲಿ ಬೇಕಾದ್ದಕ್ಕಿಂತ ಆಳವಾಗಿ ಇಳಿಯಿತು. ಬೇಕೆಂದೇ ಮಾಡಿದನೋ ಏನೋ, ನಾನು ಕೇಳಲಿಲ್ಲ. ತಾಯಿಗೂ ಹಾಕಿ ಕೆಲಸ ಮುಗಿಸಿ ಅವನು ಬಿಡಿಸಿ ಹೇಳಿದ: ರೋಗಿಯ ಉಸಿರಿನಿಂದ, ಬೊಕ್ಕೆಯ ಕೀವಿನಿಂದ, ಒಣಗಿ ಉದುರುವ ಹೊಪ್ಪಳೆಯಿಂದ, ಹೊದ್ದ ಬಟ್ಟೆಯಿಂದ ಅದು ಹರಡುತ್ತದೆ. ಹೊಕ್ಕ ಮೇಲೆ ಹನ್ನೆರಡು ದಿನವಾದರೂ ಅಡಗಿರುತ್ತದೆ, ಹಾಗಾಗಿ ಎಲ್ಲಿಂದ ಬಂತೆಂದು ಯಾರಿಗೂ ತಿಳಿಯುವುದಿಲ್ಲ. ಮನೆಯೊಳಗೆ ಯಾರನ್ನೂ ಬಿಡಬೇಡ, ಬಟ್ಟೆ ಚಾಪೆ ಎಲ್ಲ ಸುಡು ಎಂದ. ಆಗ ನನಗೆ ಆ ಕಂಬಳಿ ನೆನಪಾಯಿತು.

ಮನೆಗೆ ಬಂದರೆ ಅಣ್ಣನನ್ನು ನೋಡಲು ಕೇರಿಯ ಹೆಂಗಸರು ಅಂಗಳದಲ್ಲಿ ಕುಳಿತಿದ್ದರು. ಹೋಗಿ ಎಂದೆ, ಹೋಗಲಿಲ್ಲ. ನಾನು ಸೌದೆಯ ಕೊಳ್ಳಿ ಹಿಡಿದು ನಿಂತೆ. ಒಳಗೆ ನುಗ್ಗಲು ಬಂದ ಚಿಕ್ಕಮ್ಮನ ಕೈಗೆ ಹೊಡೆದೆ. ಅವಳು ಮಣ್ಣು ತೂರಿ ಶಾಪ ಹಾಕಿ ಹೋದಳು.

ಒಳಗಿನ ಹೋರಾಟ ಅದಕ್ಕಿಂತ ಹೆಚ್ಚಿನದು. ಅಣ್ಣನ ಅಂಗಾಲಿನವರೆಗೆ ಬೊಕ್ಕೆ ತುಂಬಿ, ರೆಪ್ಪೆ ಅಂಟಿ ಹೋಗಿತ್ತು. ಬುದ್ಧಿ ತಪ್ಪಿ ಎದ್ದು ಗೋಡೆಗೆ ತಲೆ ಬಡಿದುಕೊಂಡ, ಮುಖವನ್ನು ಉಗುರಿನಿಂದ ಬಗೆದುಕೊಂಡ. ಉಮ್ಮನೂ ನಾನೂ ಸೇರಿ ಬಲೆಯ ಹಗ್ಗದಿಂದ ಅವನ ಕೈಗಳನ್ನು ಕಂಬಕ್ಕೆ ಬಿಗಿದೆವು. ಹಗ್ಗ ತಾಗಿದಲ್ಲಿ ಚರ್ಮ ಕಿತ್ತು ಬಂತು. ಒಮ್ಮೆ ಅವನಿಗೆ ತಿಳಿವು ಬಂದಾಗ, ಮಗುವಿಗೆ ದಾಕು ಹಾಕಿಸಿದ್ದೇನೆ ಎಂದೆ. ಅವನು ಎದೆಗೆ ಒದ್ದ. ನಾನು ಬಾಗಿಲವರೆಗೆ ಹೋಗಿ ಬಿದ್ದೆ. ಅದು ಅವನು ನನಗೆ ಕೊಟ್ಟ ಕೊನೆಯ ಪೆಟ್ಟು. ಬೊಕ್ಕೆ ಎದ್ದ ಹನ್ನೊಂದನೆಯ ದಿನ ಸತ್ತ.

ಮಾವ ಮತ್ತು ಹಳೆಯ ಕಲೆಯಿದ್ದ ಇಬ್ಬರು ಗಂಡಸರು ಹೆಣ ಒಯ್ದರು. ಅವರು ಹಿಂದಿರುಗುವಾಗ ನಾನು ಚಾಪೆ, ಕಂಬಳಿ, ಅವನು ತಲೆಗಿಟ್ಟುಕೊಂಡಿದ್ದ ಬಲೆ ಎಲ್ಲವನ್ನೂ ಅಂಗಳದಲ್ಲಿ ರಾಶಿ ಹಾಕಿ ಚಿಮಣಿ ಎಣ್ಣೆ ಸುರಿದಿದ್ದೆ. ಮಾವ ಬಲೆ ಎಳೆದುಕೊಳ್ಳಲು ಬಂದರು. ಮನೆಗಿದ್ದದ್ದು ಅದೊಂದೇ ಬಲೆ. ನಾನು ಬಿಡಲಿಲ್ಲ. ಅವರು ನನ್ನ ಜುಟ್ಟು ಹಿಡಿದು ಜಗ್ಗಿದರು, ಕೆನ್ನೆಗೆ ಹೊಡೆದರು. ನಾನು ಅವರ ಕೈ ಕಚ್ಚಿದೆ. ಆ ಗದ್ದಲದ ನಡುವೆ ತಾಯಿ ಬೆಂಕಿ ಇಟ್ಟಳು.

ಮಗುವಿನ ತೋಳಿನ ಗಾಯ ಆ ಹೊತ್ತಿಗೆ ಉಬ್ಬಿ, ಕೀವಾಗಿ, ಒಣಗುತ್ತ ಬಂದಿತ್ತು. ನನ್ನದೂ ತಾಯಿಯದೂ ಹಾಗೆಯೇ. ನಮ್ಮ ಮೂವರಿಗೆ ಬೇನೆ ಬರಲಿಲ್ಲ. ಮಾವನಿಗೆ ಬಂತು. ಹೊಡೆಸಿಕೊಂಡ ನಾನೇ ಅವರಿಗೆ ಗಂಜಿ ಕುಡಿಸಿದೆ, ಉಮ್ಮ ಮೈ ಒರೆಸಿದರು. ಮಾವ ಬದುಕಿದರು, ಆದರೆ ಎಡಗಣ್ಣು ಹೋಯಿತು. ಬೆಂಕಿ ಕಂಡು ಅಮ್ಮ ಸಿಟ್ಟಾದದ್ದೇ ಕಾರಣ ಎಂದು ಅವರು ಕಡೆಯವರೆಗೂ ನಂಬಿದ್ದರು. ಅದನ್ನು ನನ್ನ ಮುಖಕ್ಕೇ ಹೇಳುತ್ತಿದ್ದರು. ಮಗನಿಗೆ ನಡೆಯಲು ಕಲಿಸಿದ್ದು ಮಾತ್ರ ಅವರೇ.